ಜೋಳದ ಚೀಲಕ್ಕೆ ಸೀಟ್ ಬೆಲ್ಟು

ಗಾಡಿ ರಿಪೇರಿಗೆ ಹೊಸದಾಗಿ ಇಳಿದಿರುವ ತಮ್ಮಂದಿರೇ, ಮೊದಲಿಗೆ ನಿಮಗೆ ಅಭಿನಂದನೆ. ನಿಮಗೆ ಎಲ್ಲವೂ ಗೊತ್ತಿದೆ. ನಾನು ತಲೆ ಬೆಳ್ಳಗಾಗುವವರೆಗೆ ರೋಣದ ಗ್ಯಾರೇಜಿನಲ್ಲಿ ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿ ಕಲಿತದ್ದನ್ನು ನೀವು ಊಟ ಮಾಡುತ್ತ ಮೊಬೈಲಿನಲ್ಲಿ ನೋಡಿ ಮುಗಿಸಿರುತ್ತೀರಿ. ಹಾಗಾಗಿ ನಿಮಗೆ ಕಲಿಸುವ ಉದ್ದೇಶ ನನಗಿಲ್ಲ. ಅಂಗಡಿ ಬಿಟ್ಟ ಮೇಲೆ ಮನೆಯಲ್ಲಿ ಕೂತು, ಹೆಂಡತಿ ಮಿಕ್ಸರ್ ಹಾಕಿದಾಗಲೆಲ್ಲ "ಇದರ ಬುಷ್ ಹೋಗೇತಿ" ಎಂದು ಹೇಳಿ ಬೈಸಿಕೊಳ್ಳುತ್ತಿದ್ದೆ. ಕೊನೆಗೆ ಆಕೆಯೇ ಒಂದು ಪೆನ್ನು ತಂದು ಕೈಗಿತ್ತು, ಏನಾದರೂ ಬರೆಯಿರಿ, ಅಡುಗೆಮನೆಗೆ ಮಾತ್ರ ಬರಬೇಡಿ ಎಂದಳು.

ನಾನು ಜೀವನವಿಡೀ ಮಾಡಿದ್ದು ಒಂದೇ ಕೆಲಸ. ಎಂಜಿನ್ನಿನ ಮಾನ ಮರ್ಯಾದೆ ಬೇರೆಯವರದು. ನನ್ನದು ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ ಕಮಾನ್ ಪಾಟಾ, ಸ್ಪ್ರಿಂಗು, ಕುಲುಕಾಟ ತಡೆಯುವ ಶಾಕಪ್ಪು, ಬುಷ್ಷು, ಚಾಸಿಗೆ ಬಿಗಿಯುವ ಅಡ್ಡಪಟ್ಟಿ. ಒಟ್ಟಿನಲ್ಲಿ ಗಾಡಿಗೂ ರಸ್ತೆಗೂ ನಡೆಯುವ ಜಗಳ ಬಿಡಿಸುವ ಸಾಮಾನುಗಳು. ಈಗ ಇದಕ್ಕೆ ಹ್ಯಾಂಡ್ಲಿಂಗ್ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಗಿರಾಕಿಗಳು ಬಂದು "ಗಾಡಿ ಎಳಿತೈತಿ" ಎನ್ನುತ್ತಿದ್ದರು, ಇಲ್ಲವೇ "ತೂಗತೈತಿ" ಎನ್ನುತ್ತಿದ್ದರು, ಅದೂ ಅಲ್ಲದಿದ್ದರೆ "ಕುಣಿತೈತಿ" ಎನ್ನುತ್ತಿದ್ದರು. ಇಷ್ಟರಲ್ಲೇ ನಮ್ಮ ಶಾಸ್ತ್ರ ಮುಗಿಯುತ್ತಿತ್ತು.

ನಮ್ಮ ರಸ್ತೆಗಳ ಬಗ್ಗೆಯೂ ಹೇಳಬೇಕು. ಡಾಂಬರು ಎಷ್ಟೇ ಚೆನ್ನಾಗಿ ಹಾಕಿದರೂ ಕೆಳಗಿರುವುದು ಎರೆಮಣ್ಣು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ರಸ್ತೆ ಅಲೆ ಅಲೆಯಾಗಿ ಮಲಗುತ್ತದೆ. ಗುಂಡಿಯಾದರೆ ಕಣ್ಣಿಗೆ ಕಾಣುತ್ತದೆ. ಈ ಅಲೆ ಕಾಣುವುದಿಲ್ಲ, ಸೊಂಟಕ್ಕೆ ಮಾತ್ರ ಗೊತ್ತಾಗುತ್ತದೆ. ಕಾರು ಮಾಡುವವರು ತಮ್ಮ ಗಾಡಿಗಳನ್ನು ಪರೀಕ್ಷೆ ಮಾಡುವ ರಸ್ತೆಯನ್ನು ನಾನು ಚಿತ್ರದಲ್ಲಿ ನೋಡಿದ್ದೇನೆ. ಅದರ ಮೇಲೆ ಹಾಸಿಗೆ ಹಾಸಿ ಮಲಗಬಹುದು. ಅಂಥ ರಸ್ತೆಗೆ ಹುಟ್ಟಿದ ಕಾರು ರೋಣಕ್ಕೆ ಬಂದು ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಗಿರಾಕಿಯಾಗುತ್ತಿತ್ತು. ಆ ಎರೆಮಣ್ಣಿಗೆ ನಾನು ಕೃತಜ್ಞನಾಗಿದ್ದೇನೆ, ನನ್ನ ಮನೆ ಕಟ್ಟಿಸಿದ್ದು ಅದೇ.

ನನಗೆ ಕೆಲಸ ಕಲಿಸಿದವರು ದಾವಲಸಾಬರು. ಉಸ್ತಾದರ ಬಳಿ ಎಲ್ಲ ರೋಗಕ್ಕೂ ಒಂದೇ ಔಷಧವಿತ್ತು: "ಇನ್ನೊಂದ್ ಪಾಟಾ ಹಾಕು." ಗಾಡಿ ಹಿಂದೆ ಕುಳಿತರೆ ಪಾಟಾ, ತೂಗಿದರೆ ಪಾಟಾ. ಹಾರ್ನ್ ಕೆಟ್ಟ ಗಾಡಿ ಬಂದರೂ ಅವರ ಕಣ್ಣು ಮೊದಲು ಹೋಗುತ್ತಿದ್ದುದು ಪಾಟಾದ ಕಡೆಗೇ. ಮೆಣಸಗಿಯಿಂದ ರೋಣಕ್ಕೆ ಹಾಲು ತರುವ ಒಂದು ಜೀಪಿತ್ತು. ಹಾಲಿನ ಕ್ಯಾನ್ ಹೇರಿದಾಗ ಹಿಂಭಾಗ ಕುಳಿತುಕೊಳ್ಳುತ್ತದೆ ಎಂದು ಅದರ ಮಾಲೀಕ ದೂರು ತಂದ. ಉಸ್ತಾದರು ಒಂದು ಪಾಟಾ ಹಾಕಿಸಿದರು. ಮತ್ತೆ ಬಂದ, ಇನ್ನೊಂದು ಹಾಕಿಸಿದರು. ಮೂರನೆಯ ಸಲ ಅವನು ಬಂದಾಗ ಜೀಪಿನ ಹಿಂಭಾಗ ಆಕಾಶ ನೋಡುತ್ತಿತ್ತು. ಅವನು ಕ್ಯಾನಿನ ಮುಚ್ಚಳ ತೆಗೆದು ತೋರಿಸಿದ. ಹಾಲಿನ ಮೇಲೆ ಬೆಣ್ಣೆ ತೇಲುತ್ತಿತ್ತು.

"ಉಸ್ತಾದ್, ನಾ ಹಾಲ ಒಯ್ಯಾಕ ಗಾಡಿ ಕೊಟ್ಟಿದ್ನಿ. ಮಜ್ಜಗಿ ಕಡಿಯಾಕ ಕೊಟ್ಟಿರಲಿಲ್ಲರಿ" ಎಂದ.

ದಾವಲಸಾಬರು ಬೆರಳಲ್ಲಿ ಸ್ವಲ್ಪ ತೆಗೆದು ಬಾಯಿಗೆ ಹಾಕಿಕೊಂಡರು. "ಬೆಣ್ಣಿ ಚಲೋ ಬಂದೈತಲ್ಲೋ. ಹಾಲಿಗಿಂತ ಜಾಸ್ತಿ ರೇಟ್ ಸಿಗತೈತಿ" ಎಂದು ಕೈ ಒರೆಸಿಕೊಂಡು ನಮಾಜಿಗೆ ಹೋದರು.

ಆದರೂ ಅವರಿಂದ ಕಲಿತ ಒಂದು ವಿದ್ಯೆ ನನ್ನ ಹೊಟ್ಟೆ ತುಂಬಿಸಿತು. ಗಾಡಿಯ ಮಡಗಾರ್ಡಿನ ಮೇಲೆ ಅಂಗೈ ಇಟ್ಟು ಜೋರಾಗಿ ಒತ್ತಿ ಬಿಡುವುದು. ಗಾಡಿ ಒಮ್ಮೆ ಎದ್ದು, ಒಮ್ಮೆ ಕುಳಿತು, ಸುಮ್ಮನಾಗಬೇಕು. ಕುಣಿಯುತ್ತಲೇ ಇದ್ದರೆ ಶಾಕಪ್ಪು ಹೋಗಿದೆ. ಒತ್ತಿದರೂ ಕುಸಿಯುವುದೇ ಇಲ್ಲವೆಂದರೆ ಯಾರೋ ದಾವಲಸಾಬರಂಥವರ ಕೈಗೆ ಸಿಕ್ಕಿದೆ.

ಮುಂದೆ ಕಾಲ ಬದಲಾಯಿತು. ಪಾಟಾ ಹೋಗಿ ಸ್ಪ್ರಿಂಗ್ ಬಂತು, ಉಸ್ತಾದರು ತೀರಿಕೊಂಡು ಅಂಗಡಿ ನನ್ನದಾಯಿತು, ನಾನೂ ಚಕ್ರ ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡುವ ಕಂಪ್ಯೂಟರ್ ಯಂತ್ರ ತಂದೆ. ಅದು ಕೊನೆಗೆ ಒಂದು ಬಣ್ಣದ ಕಾಗದ ಉಗುಳುತ್ತಿತ್ತು. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಒಬ್ಬ ಮಾಸ್ತರರ ಕಾರಿಗೆ ಕಾಗದವೆಲ್ಲ ಹಸಿರು ಬಂದರೂ ಅದು ಎಡಕ್ಕೆ ಎಳೆಯುತ್ತಲೇ ಇತ್ತು. ಇನ್ನೊಮ್ಮೆ ಬಿಚ್ಚಿ ನೋಡುತ್ತೇನೆ ಎಂದೆ. ಅವರು ಕಾಗದವನ್ನು ಎದೆಗೆ ಒತ್ತಿಕೊಂಡು, "ಕಂಪ್ಯೂಟರ್ ಸರಿ ಐತಿ ಅನ್ನಾಕತ್ತೈತ್ರಿ. ರಸ್ತೇನ ಎಡಕ್ಕ ಇಳಜಾರ ಇರಬೇಕು" ಎಂದು ಹೊರಟುಹೋದರು. ಆಮೇಲೆ ಎಷ್ಟೋ ದಿನ ಅವರು ಸ್ಟೇರಿಂಗನ್ನು ಬಲಕ್ಕೆ ಎಳೆದು ಹಿಡಿದೇ ಶಾಲೆಗೆ ಹೋಗುವುದನ್ನು ನೋಡಿದ್ದೇನೆ. ವಿಜ್ಞಾನದ ಮೇಷ್ಟ್ರು.

ಯಂತ್ರ ಹೇಳದ ಪಾಠವನ್ನು ಹೇಳಿದವನು ಹೊಳೆಮಣ್ಣೂರಿನ ಫಕೀರಪ್ಪ. ಅವನ ಕಾರಿನ ಹಿಂಭಾಗ ರಸ್ತೆಯ ಪ್ರತಿ ಉಬ್ಬಿಗೂ ನೆಲ ಬಡಿಯುತ್ತಿತ್ತಂತೆ. ಅವನು ಬಂದಾಗಲೆಲ್ಲ ನಾನು ಓಡಿಸಿ ನೋಡಿದೆ, ಎಲ್ಲೂ ಬಡಿಯಲಿಲ್ಲ. ನನಗೆ ಅವನ ಮೇಲೆ ಅನುಮಾನ, ಅವನಿಗೆ ನನ್ನ ಮೇಲೆ. ಒಂದು ದಿನ ಹಟಕ್ಕೆ ಬಿದ್ದು ಅವನೂರಿಗೇ ಹೋದೆ. ಮಲಪ್ರಭಾ ಏರಿದ್ದಳು, ಫಕೀರಪ್ಪ ಹೊಳೆಯ ದಂಡೆಯ ಮನೆ ಖಾಲಿ ಮಾಡುತ್ತಿದ್ದ. ಕಾರಿನೊಳಗೆ ಅವನ ಹೆಂಡತಿ, ತಾಯಿ, ಮಕ್ಕಳು, ಎರಡು ಚೀಲ ಜೋಳ, ರೊಟ್ಟಿಯ ಹಂಚು, ಡಿಕ್ಕಿಯಲ್ಲಿ ಬೀಸುವ ಕಲ್ಲು, ತಾಯಿಯ ತೊಡೆಯ ಮೇಲೆ ಒಂದು ಮೇಕೆ. ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಗ್ಯಾರೇಜಿಗೆ ಬರೂವಾಗ ಗಾಡಿ ತೊಳದು ಖಾಲಿ ಮಾಡಿ ತರಬೇಕಲ್ರಿ. ಹಂಗ ತುಂಬಕೊಂಡ ಬಂದ್ರ ನೀವು ಏನ ಅನಕೋತೀರಿ?" ಎಂದ.

ದವಾಖಾನೆಗೆ ಹೋಗುವಾಗ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗುವ ಹಾಗೆ, ನಮ್ಮ ಜನ ಗಾಡಿಯ ನಿಜವಾದ ಕಷ್ಟವನ್ನೆಲ್ಲ ಮನೆಯಲ್ಲಿ ಇಳಿಸಿ ಅದನ್ನು ಶೃಂಗಾರ ಮಾಡಿ ನನ್ನ ಮುಂದೆ ನಿಲ್ಲಿಸುತ್ತಿದ್ದರು. ಖಾಲಿ ಗಾಡಿಗೆ ನಾನು ಸ್ಪ್ರಿಂಗ್ ಕೂರಿಸುತ್ತಿದ್ದೆ, ತುಂಬಿದ ಗಾಡಿ ನನ್ನನ್ನು ಬೈಯುತ್ತಿತ್ತು. ಅಂದಿನಿಂದ ಒಂದು ನಿಯಮ ಮಾಡಿದೆ: ಗಾಡಿಯಲ್ಲಿ ಯಾರು ಕೂರುತ್ತಾರೋ, ಏನು ಹೇರುತ್ತಾರೋ ಅದೆಲ್ಲದರ ಸಮೇತ ಬರಬೇಕು. ನನ್ನ ಅಂಗಡಿಯ ಮುಂದೆ ಇಡೀ ಸಂಸಾರಗಳು ಕಾರಿನೊಳಗೆ ಚಹಾ ಕುಡಿಯುತ್ತ ಕೂತಿರುತ್ತಿದ್ದವು, ನಾನು ಸುತ್ತ ಓಡಾಡುತ್ತ ಅಂಗೈ ಒತ್ತಿ ನೋಡುತ್ತಿದ್ದೆ. ಯಾರ ತೂಕಕ್ಕೆ ಗಾಡಿ ವಾಲುತ್ತದೆ ಎಂಬ ವಿಷಯಕ್ಕೆ ಅತ್ತೆ ಸೊಸೆಯರ ನಡುವೆ ಮಾತು ಬೆಳೆದದ್ದೂ ಉಂಟು. ಅದಕ್ಕೆ ನನ್ನ ಬಳಿ ಸ್ಪ್ರಿಂಗ್ ಇರಲಿಲ್ಲ.

ಈ ನಿಯಮ ಒಮ್ಮೆ ಮಾತ್ರ ಕೈಕೊಟ್ಟಿತು. ಅಂಗಡಿ ಬಿಡುವುದಕ್ಕೆ ಸ್ವಲ್ಪ ಮೊದಲಿನ ಸಂಗತಿ ಅದು. ಇಷ್ಟು ಹೊತ್ತು ಹೇಳಿದ್ದೆಲ್ಲ ಅದನ್ನು ಹೇಳುವುದಕ್ಕಾಗಿಯೇ.

ಗಜೇಂದ್ರಗಡದ ವೀರೇಶ ನೇಕಾರರ ಮಗ. ಮನೆಯಲ್ಲಿ ನೇಯ್ದ ಸೀರೆ, ಓಣಿಯವರು ನೇಯ್ದ ಸೀರೆ ಎಲ್ಲವನ್ನೂ ತನ್ನ ಸಣ್ಣ ಕಾರಿನಲ್ಲಿ ಹೇರಿಕೊಂಡು ಊರೂರಿನ ಅಂಗಡಿಗಳಿಗೆ ಕೊಟ್ಟು ಬರುವುದು ಅವನ ವ್ಯಾಪಾರ. ಒಳ್ಳೆಯವನು. ದೋಷವೆಂದರೆ ಅವನ ಮೊಬೈಲು. ಯಾವುದೋ ದೇಶದ ಬೆಟ್ಟದ ರಸ್ತೆಯಲ್ಲಿ ಯಾರೋ ಕಾರು ತಿರುಗಿಸುವುದನ್ನು ಅದರಲ್ಲಿ ನೋಡಿ, ತನ್ನ ಕಾರಿನ ಸ್ಪ್ರಿಂಗುಗಳನ್ನು ಯಾರ ಕೈಯಲ್ಲೋ ತುಂಡು ಮಾಡಿಸಿ, ಗಾಡಿಯನ್ನು ನೆಲಕ್ಕೆ ಇಳಿಸಿದ್ದ. ಬಾನೆಟ್ಟಿನ ಕೆಳಗೆ ಕೆಂಪು ಬಣ್ಣದ ಅಡ್ಡಪಟ್ಟಿ ಹಾಕಿಸಿದ್ದ. ಎಡ ಬಲದ ಶಾಕಪ್ಪುಗಳ ತಲೆಗಳನ್ನು ಒಂದಕ್ಕೊಂದು ಬಿಗಿದು, ಗಾಡಿಯ ಮೈ ತಿರುಚದಂತೆ ಹಿಡಿಯುವ ಪಟ್ಟಿ ಅದು. ಹೊಟ್ಟೆಯ ಕೆಳಗೆ ಇನ್ನೊಂದು. ಅಂಗಡಿಗೆ ಬಂದಾಗಲೆಲ್ಲ ಅವನು ಇಳಿದು ಬಾಗಿಲನ್ನು ಧಡ್ ಎಂದು ಬಡಿದು, "ಸಪ್ಪಳ ಕೇಳ್ರಿ ಮಿಸ್ತ್ರಿ ಕಾಕಾ, ಬಾಡಿ ಎಷ್ಟ ಟೈಟ್ ಆಗೇತಿ" ಎನ್ನುತ್ತಿದ್ದ. ಅಡ್ಡಪಟ್ಟಿಗೂ ಬಾಗಿಲಿನ ಸದ್ದಿಗೂ ಸಂಬಂಧವಿಲ್ಲ. ಆದರೆ ಅಷ್ಟು ಸಂತೋಷವಾಗಿರುವವನಿಗೆ ಹೇಗೆ ಹೇಳುವುದು?

"ಕಾರ್ನರಿನ್ಯಾಗ ಕೂದಲೆಳಿಯಷ್ಟೂ ಬಾಗಂಗಿಲ್ಲರಿ" ಎಂದ ಒಮ್ಮೆ.

"ಖರೇನ ಇರಬೇಕು. ನಿನಗ ಕಾರ್ನರ್ ಎಲ್ಲಿ ಸಿಕ್ತು?" ಎಂದೆ. ಗಜೇಂದ್ರಗಡದ ಗುಡ್ಡ ಬಿಟ್ಟರೆ ನಮ್ಮ ಸೀಮೆಯಲ್ಲಿ ತಿರುವನ್ನು ಹುಡುಕಿಕೊಂಡು ಹೋಗಬೇಕು.

ಒಂದು ದಿನ ಬಂದಾಗ ಮಾತ್ರ ಅವನು ಬಾಗಿಲು ಬಡಿಯಲಿಲ್ಲ. ಹಿಂಭಾಗಕ್ಕೂ ಒಂದು ಅಡ್ಡಪಟ್ಟಿ ಬಿಗಿದುಕೊಡಿ ಎಂದ. ಯಾಕೆ ಎಂದು ಕೇಳಿದೆ.

"ಅವ್ವಗ ಹಿಂದ ಕುಂದರಾಕ ಆಗವಲ್ದು ಕಾಕಾ. ಕುಣಿತೈತಿ ಅಂತಾಳ. ಹಿಂದನೂ ಟೈಟ್ ಮಾಡಿದ್ರ ಸರಿ ಆಗತೈತಲ್ರಿ?"

ದಾವಲಸಾಬರು ಹೋದರೂ ಅವರ ಔಷಧ ಸತ್ತಿರಲಿಲ್ಲ.

ವಿಷಯ ಹೀಗಿತ್ತು. ಅವನ ತಾಯಿ ಶಾಂತವ್ವ ಮದುವೆಯಾಗಿ ಬಂದಾಗಿನಿಂದ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯ್ದವಳು. ಈಗ ಬೆನ್ನುಮೂಳೆ ಜಾರಿತ್ತು. ಮಗ್ಗ ಬಿಡಿಸಿದ ಡಾಕ್ಟರು, ಗಾಡಿಯಲ್ಲಿ ಎತ್ತಿಹಾಕಿಸಿಕೊಳ್ಳಬೇಡಿ, ಇನ್ನೊಂದು ಪೆಟ್ಟು ಬಿದ್ದರೆ ಹಾಸಿಗೆಯೇ ಗತಿ ಎಂದಿದ್ದರು. ವೀರೇಶನ ಟೈಟ್ ಗಾಡಿಯಲ್ಲಿ ಒಮ್ಮೆ ಹತ್ತಿದವಳು ಊರು ದಾಟುವ ಮೊದಲೇ ಇಳಿದು ಗೋಡೆ ಹಿಡಿದುಕೊಂಡು ಮನೆಗೆ ನಡೆದಿದ್ದಳು. ಅಷ್ಟರಲ್ಲಿ ನರಗುಂದಕ್ಕೆ ಕೊಟ್ಟ ಮಗಳು ಸುಜಾತಾಳಿಗೆ ಏಳು ತಿಂಗಳು ತುಂಬಿ ಕುಬಸದ ದಿನ ಗೊತ್ತಾಗಿತ್ತು. ತಾಯಿ ಹಸಿರು ಸೀರೆ, ಕುಬಸ, ಬುತ್ತಿ ತೆಗೆದುಕೊಂಡು ಬೀಗರ ಮನೆಗೆ ಹೋಗಿ ಮಗಳ ಉಡಿ ತುಂಬಬೇಕು, ಬಾಣಂತನಕ್ಕೆ ತವರಿಗೆ ಕರೆತರಬೇಕು. ಆ ಹಸಿರು ಸೀರೆ ಶಾಂತವ್ವ ಬೆನ್ನು ಕೆಡುವ ಮೊದಲು ನೇಯ್ದ ಕೊನೆಯ ಸೀರೆ. ಈಗ ಆಕೆ ನಾನು ಬರುವುದಿಲ್ಲ, ನೀವೇ ಹೋಗಿ ಬನ್ನಿ ಎನ್ನುತ್ತಿದ್ದಳು. ಅವ್ವ ಬರದಿದ್ದರೆ ನನಗೆ ಕುಬಸವೇ ಬೇಡ ಎಂದು ಮಗಳು ಫೋನಿನಲ್ಲಿ ಅಳುತ್ತಿದ್ದಳು. ಹೋದರೂ, ಬರುವಾಗ ಅದೇ ಗಾಡಿಯಲ್ಲಿ ಅದೇ ಅಲೆಗಳ ಮೇಲೆ ತುಂಬಿದ ಬಸುರಿಯನ್ನು ಕೂರಿಸಿಕೊಂಡು ಬರಬೇಕು.

"ಬಾಡಿಗಿ ಗಾಡಿ ಮಾಡು" ಎಂದೆ.

"ಅವುಗಳ ಶಾಕಪ್ಪಿನ ಹಣೆಬರಹ ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ಅರ್ಧಕ್ಕರ್ಧ ನನ್ನ ಗಿರಾಕಿಗಳೇ.

"ಹಂಗಿದ್ರ ಕೇಳು" ಎಂದೆ. "ಅಡ್ಡಪಟ್ಟಿ ಹಾಕಿದ್ದು ತಪ್ಪಲ್ಲ. ಮೈ ಗಟ್ಟಿ ಇದ್ರ ಸ್ಪ್ರಿಂಗ್ ಮೆತ್ತಗ ಇದ್ರೂ ನಡಿತೈತಿ, ಗಾಡಿ ಮಾತ ಕೇಳತೈತಿ. ನೀ ಮೈ ಗಟ್ಟಿ ಮಾಡಿ ಸ್ಪ್ರಿಂಗೂ ಕೊಯ್ಸೀದಿ. ಕೊಯ್ದ ಸ್ಪ್ರಿಂಗ್ ಕಬ್ಬಿಣದ ಮೊಳಿ ಇದ್ದಂಗ, ಬಗ್ಗೂದಿಲ್ಲ. ಅದು ಮಾಡೂ ಕೆಲಸಾನ ಈಗ ನಿಮ್ಮವ್ವನ ಬೆನ್ನ ಮಾಡಾಕತ್ತೈತಿ."

ಅವನು ಕಾರಿನ ಸುತ್ತ ಒಂದು ಸಲ ನಡೆದು ಬಂದ. "ಹಂಗಾದ್ರ ಮತ್ತ ಮ್ಯಾಲ ಎತ್ತಬೇಕೇನ್ರಿ?" ಎಂದ. ಮೀಸೆ ಬೋಳಿಸು ಎಂದಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

ಎತ್ತಬೇಕು, ಮೊದಲು ಅವ್ವನನ್ನು ಕರೆದುಕೊಂಡು ಬಾ, ಆಕೆ ಕೂತಾಗ ಗಾಡಿ ಹೇಗಿರುತ್ತದೆಂದು ನೋಡಬೇಕು ಎಂದು ನನ್ನ ನಿಯಮ ಹೇಳಿದೆ.

"ಅವ್ವ ಗಾಡ್ಯಾಗ ಕುಂತ ರೋಣಕ್ಕ ಬರೂವಂಗಿದ್ರ ನಾ ಯಾಕ ನಿಮ್ಮ ಹತ್ರ ಬರ್ತಿದ್ನಿ ಕಾಕಾ?"

ನನ್ನ ಹೆಮ್ಮೆಯ ನಿಯಮ ಅಲ್ಲಿಗೆ ಕೈ ಮುಗಿಯಿತು. ಗಿರಾಕಿ ಗ್ಯಾರೇಜಿಗೆ ಬರಲಾಗದಿದ್ದರೆ ಗ್ಯಾರೇಜೇ ಹೋಗಬೇಕು. ಸರಿಯಾದ ಅಳತೆಯ ಮೆತ್ತನೆಯ ಸ್ಪ್ರಿಂಗು, ಅವಕ್ಕೆ ಹೊಂದುವ ಶಾಕಪ್ಪು ತರಿಸಿ, ಜಾಕು ಪಾನಾಗಳನ್ನು ಕಟ್ಟಿಕೊಂಡು ಅವನ ಕಾರಿನಲ್ಲೇ ಗಜೇಂದ್ರಗಡಕ್ಕೆ ಹೊರಟೆ. ಮುಂದಿನ ಸೀಟಿನ ಮೇಲೆ ಸಾಮಾನಿನ ಡಬ್ಬಗಳಿದ್ದವು. ನಾನು ಹಿಂದೆ ಕೂತೆ.

ತಮ್ಮಂದಿರೇ, ಇದೊಂದನ್ನು ಮಾತ್ರ ನಿಮ್ಮ ಮೊಬೈಲು ಹೇಳಿರಲಿಕ್ಕಿಲ್ಲ. ನಾವು ಗಾಡಿ ಸರಿಮಾಡಿ ಓಡಿಸಿ ನೋಡುವುದು ಡ್ರೈವರ್ ಸೀಟಿನಿಂದ. ಸ್ಟೇರಿಂಗ್ ಹಿಡಿದವನಿಗೆ ಉಬ್ಬು ಮೊದಲೇ ಕಾಣುತ್ತದೆ, ಮೈ ತಾನಾಗಿ ತಯಾರಾಗುತ್ತದೆ. ಹಿಂದೆ ಕೂತವರಿಗೆ ಅದು ಹೇಳದೆ ಕೇಳದೆ ಬರುತ್ತದೆ. ಊರು ಮುಟ್ಟುವಷ್ಟರಲ್ಲಿ ನನ್ನ ತಲೆ ಟಾಪಿಗೆ ಬಡಿದ ಲೆಕ್ಕ ತಪ್ಪಿತ್ತು, ಶಾಂತವ್ವನ ಬೆನ್ನಿನ ಬಗ್ಗೆ ಆಕೆಯ ಡಾಕ್ಟರಿಗಿಂತ ನನಗೇ ಹೆಚ್ಚು ತಿಳಿದಿತ್ತು. ವೀರೇಶ ಮುಂದೆ ಆರಾಮಾಗಿ ಸೀಟಿ ಹೊಡೆಯುತ್ತಿದ್ದ.

ಶಾಂತವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಒಳಗೆ ಗಂಡನ ಮಗ್ಗದ ಸದ್ದು ಕೇಳುತ್ತಿತ್ತು. ನಾನು ಸೊಂಟ ಹಿಡಿದುಕೊಂಡು ಕಾರಿನಿಂದ ಇಳಿಯುವುದನ್ನು ನೋಡಿ ಆಕೆ ನಕ್ಕಳು.

"ನಿಮಗೂ ಗೊತ್ತಾತಲ್ರಿ ಮಿಸ್ತ್ರಿ. ಈಗ ಹೇಳ್ರಿ, ಗಾಡಿ ಸರಿ ಮಾಡತೀರೋ ನನ್ನ ಮಗನ್ನ ಸರಿ ಮಾಡತೀರೋ?"

"ನನಗ ಗಾಡಿ ಅಷ್ಟ ಬರತೈತ್ರಿ ಅಕ್ಕಾರ" ಎಂದೆ.

ಓಣಿಯಲ್ಲೇ ಜಾಕು ಹಚ್ಚಿದೆ. ಕೊಯ್ದ ಸ್ಪ್ರಿಂಗುಗಳು ಹೊರಬಂದವು, ಹೊಸವು ಕೂತವು. ಕೆಂಪು ಅಡ್ಡಪಟ್ಟಿಯನ್ನು ತೆಗೆಯಲಿಲ್ಲ, ಇನ್ನೂ ಬಿಗಿ ಮಾಡಿದೆ. ವೀರೇಶನಿಗೂ ಏನಾದರೂ ಉಳಿಯಬೇಕಲ್ಲ. ಜಾಕು ಇಳಿಸಿದಾಗ ಗಾಡಿ ಮೊದಲಿನ ಎತ್ತರಕ್ಕೆ ಬಂದಿತ್ತು. ಎದುರುಮನೆಯ ಕಟ್ಟೆಯಿಂದ ಯಾರೋ, "ವೀರೇಶಾ, ನಿನ್ನ ಗಾಡಿಗೆ ಮತ್ತ ಕಾಲ ಬಂದ್ವಲ್ಲೋ" ಎಂದರು. ಅವನು ಕೇಳಿಸದವನ ಹಾಗೆ ಗಾಜು ಒರೆಸಿದ.

ಇನ್ನು ತೂಕ ನೋಡಬೇಕಿತ್ತು. ಶಾಂತವ್ವ ಬೆನ್ನಿಗೆ ದಿಂಬು ಇಟ್ಟುಕೊಂಡು ಹಿಂದಿನ ಸೀಟಿನ ಎಡಕ್ಕೆ ಕೂತಳು. ಹೋಗುವಾಗಿನ ತೂಕ ಸರಿಬಂತು. ಆದರೆ ಕಷ್ಟವಿದ್ದದ್ದು ಬರುವಾಗ. ಆಕೆಯ ಪಕ್ಕದಲ್ಲಿ ಸುಜಾತಾ ಇರುತ್ತಾಳೆ, ಸುಜಾತಾ ಇರುವುದು ನರಗುಂದದಲ್ಲಿ. ನಾನು ವೀರೇಶನಿಗೆ ಒಳಗಿನಿಂದ ಒಂದು ಜೋಳದ ಚೀಲ ತರಿಸಿ ಬಲಕ್ಕೆ ನೆಟ್ಟಗೆ ಕೂರಿಸಿದೆ. ಅದು ವಾಲತೊಡಗಿತು. ಸೀಟ್ ಬೆಲ್ಟು ಹಾಕಿದೆ.

"ಇದೇನ್ರಿ?" ಎಂದಳು ಶಾಂತವ್ವ.

"ನಿಮ್ಮ ಮಗಳ್ರಿ."

ಆಕೆ ಚೀಲವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಇಷ್ಟ ಎಲ್ಲಿ ಐತ್ರಿ ಆಕಿ ತೂಕ? ಫೋಟೊದಾಗ ಮಾರಿ ನೋಡಿದ್ರ ಬೀಗರು ಅನ್ನದ ಅಗಳ ಎಣಿಸಿ ಹಾಕತಾರಂತ ಕಾಣತೈತಿ. ವೀರೇಶಾ, ಒಂದೆರಡ ಸೇರ ತಗಿ."

ಅವನು ಚೀಲದ ಬಾಯಿ ಬಿಚ್ಚಿ ಬುಟ್ಟಿಗೆ ಸ್ವಲ್ಪ ಜೋಳ ತೆಗೆದ. ನಾನು ಹಿಂದಿನ ಮಡಗಾರ್ಡಿನ ಮೇಲೆ ಅಂಗೈ ಒತ್ತಿದೆ. ಗಾಡಿ ಎದ್ದಿತು, ಕುಳಿತಿತು, ಸುಮ್ಮನಾಯಿತು. ಇನ್ನೇನು ಇಳಿಯಿರಿ ಎನ್ನಬೇಕು, ಶಾಂತವ್ವ ಚೀಲದ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತಿದ್ದಳು.

"ತಗದದ್ದು ವಾಪಸ್ ಹಾಕೋ" ಎಂದಳು ಮಗನಿಗೆ.

"ಯಾಕವ್ವಾ?"

"ಕೂಸಿನ ತೂಕ ಹಿಡದಿಲ್ಲ."

ವೀರೇಶ ಬುಟ್ಟಿಯಲ್ಲಿದ್ದ ಜೋಳವನ್ನು ಬೊಗಸೆ ಬೊಗಸೆಯಾಗಿ ಚೀಲಕ್ಕೆ ಸುರಿದ. ಒಳಗೆ ಮಗ್ಗದ ಸದ್ದು ನಿಂತಿತ್ತು, ಅವಳ ಗಂಡನೂ ಕೇಳಿಸಿಕೊಂಡಿರಬೇಕು. ನಾನು ಪಾನಾ ಹುಡುಕುವ ನೆಪದಲ್ಲಿ ಗಾಡಿಯ ಕೆಳಗೆ ತಲೆ ಹಾಕಿದೆ. ನಮ್ಮ ವೃತ್ತಿಯಲ್ಲಿ ದೊಡ್ಡ ಸಂಬಳವಿಲ್ಲ, ಮಾನ ಸನ್ಮಾನವಿಲ್ಲ. ಒಂದು ಅನುಕೂಲವಿದೆ: ಕಣ್ಣು ತುಂಬಿ ಬಂದಾಗ ಮುಖ ಮರೆಸಲು ಹತ್ತಿರದಲ್ಲಿ ಯಾವಾಗಲೂ ಒಂದು ಗಾಡಿ ಇರುತ್ತದೆ.

ಹೊಸ ತೂಕಕ್ಕೆ ಮತ್ತೊಮ್ಮೆ ಎಲ್ಲ ಸರಿಮಾಡಿದೆ. ಆಮೇಲೆ ಜೋಳದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಂತವ್ವ ಊರ ಹೊರಗಿನ ರಸ್ತೆಗೆ ಹೊರಟಳು. ನಾನು ಮುಂದೆ ಕೂತೆ, ಕನ್ನಡಿಯಲ್ಲಿ ಆಕೆಯ ಮುಖ ಕಾಣುತ್ತಿತ್ತು. ಹಿಂದೊಮ್ಮೆ ಆಕೆ ಇಳಿದುಹೋಗಿದ್ದ ಜಾಗ ಬಂದಾಗ ವೀರೇಶ ಗಾಡಿ ನಿಧಾನ ಮಾಡಿ, "ಸಾಕೇನವ್ವಾ?" ಎಂದ. ಆಕೆ ಒಂದು ಕೈಯಲ್ಲಿ ಸೀಟು, ಇನ್ನೊಂದು ಕೈಯಲ್ಲಿ ಚೀಲ ಹಿಡಿದಿದ್ದಳು.

"ಇನ್ನೊಂಚೂರು ಹೋಗು" ಎಂದಳು.

ಕುಬಸದ ದಿನ ಬೆಳಿಗ್ಗೆ ಅವರ ಕಾರು ನನ್ನ ಅಂಗಡಿಯ ಮುಂದೆ ನರಗುಂದದ ಕಡೆಗೆ ಹಾದುಹೋಯಿತು. ನಿಲ್ಲಿಸಲಿಲ್ಲ, ಹಾರ್ನ್ ಹೊಡೆದು ಹೋದರು. ಆ ದಿನ ನಾನು ಏನು ಕೆಲಸ ಮಾಡಿದೆನೋ ನೆನಪಿಲ್ಲ. ಬರುವ ದಾರಿಯ ಪ್ರತಿ ಅಲೆಯೂ ನನಗೆ ಗೊತ್ತಿತ್ತು, ಗೊತ್ತಿದ್ದದ್ದೇ ಕಷ್ಟವಾಯಿತು. ಒಂದು ಬುಷ್ ಹಾಕಿದೆನೋ ಇಲ್ಲವೋ ಎಂದು ಒಮ್ಮೆ ಹೆದರಿಕೆಯಾಯಿತು, ಕೆಲಸದವನಿಗೆ ಸುಮ್ಮನೆ ಬೈದೆ.

ಹೊತ್ತು ಇಳಿಯುವ ಹೊತ್ತಿಗೆ ಕಾರು ತಿರುಗಿ ಬಂದು ಅಂಗಡಿಯ ಮುಂದೆ ನಿಂತಿತು. ವೀರೇಶ ಇಳಿದ. ನಾನು ಹಿಂದಿನ ಕಿಟಕಿಯಲ್ಲಿ ಬಗ್ಗಿದೆ. ಜೋಳದ ಚೀಲ ಇದ್ದ ಜಾಗದಲ್ಲಿ ಹಸಿರು ಸೀರೆಯ, ಹಸಿರು ಬಳೆಯ ಹುಡುಗಿ ಬೆಲ್ಟು ಹಾಕಿಕೊಂಡು ಕೂತಿದ್ದಳು. ಶಾಂತವ್ವ ಮಗಳ ಭುಜಕ್ಕೆ ತಲೆ ಆನಿಸಿ, ಸ್ವಲ್ಪ ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದಳು.

ಸುಜಾತಾ ತುಟಿಯ ಮೇಲೆ ಬೆರಳಿಟ್ಟಳು. "ಶಿರೋಳ ದಾಟೂದ್ರಾಗ ಮಲಗ್ಯಾಳ್ರಿ ಕಾಕಾರ" ಎಂದು ಪಿಸುಗುಟ್ಟಿದಳು. "ಬೆನ್ನ ನೋವ ಬಂದಾಗಿಂದ ಹಿಂಗ ಮಲಗಿದ್ದ ನೋಡಿರಲಿಲ್ಲ. ಎಬ್ಬಸಬ್ಯಾಡ್ರಿ."

ವೀರೇಶ ನನ್ನನ್ನು ಪಕ್ಕಕ್ಕೆ ಕರೆದ. ಕೃತಜ್ಞತೆ ಹೇಳುತ್ತಾನೆಂದು ನಾನು ಮುಖ ಸಿದ್ಧಮಾಡಿಕೊಂಡೆ.

"ಕಾಕಾ, ಕಾರ್ನರಿನ್ಯಾಗ ಒಂಚೂರ ಬಾಗಾಕತ್ತೈತ್ರಿ" ಎಂದ, ಮೆಲ್ಲಗೆ.

"ಬಾಗಲಿ ಬಿಡು" ಎಂದೆ.

ಅವನು ಹೋಗಿ ಕಾರಿನಲ್ಲಿ ಕೂತ. ಬಾಗಿಲು ಎಳೆಯಲು ಕೈ ಚಾಚಿದವನು ಒಮ್ಮೆ ಹಿಂದಿರುಗಿ ತಾಯಿಯನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಹಿಡಿದು, ಮೆಲ್ಲಗೆ ಎಳೆದು, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡ.